ಆಟವಾಡುವ ಮಗು, ಆಟ ಕಟ್ಟುವ ಮಗು

ಆಟವು ಮಗುವಿನ ಮೊದಲನೆಯ ಪಾಠಶಾಲೆ ಎಂಬುದನ್ನು ಶಿಕ್ಷಕರಾದ ನಾವೆಲ್ಲರೂ ಒಪ್ಪುತ್ತೇವೆ. ಆದರೆ ಇಂದು ಆಟವೆಂದೊಡನೆ ಹಿರಿಯರ ಕಣ್ಣ ಮುಂದೆ ನಿಲ್ಲುವ ಚಿತ್ರ ಬೇರೆಯೇ ಆಗಿದೆ. ಗೋಣು ಬಗ್ಗಿಸಿ, ಮೊಬೈಲ್ ಪರದೆಯಲ್ಲಿ ದೃಷ್ಟಿ ನೆಟ್ಟು, ಊಟಕ್ಕೆ ಕರೆದರೂ ಓಗೊಡದ ಬಾಲಕನ ಚಿತ್ರವದು. ಪಾಲಕರ ಸಭೆಗಳಲ್ಲಿ ಈ ಕುರಿತು ಬರುವ ದೂರುಗಳಿಗೆ ಲೆಕ್ಕವಿಲ್ಲ. ಆ ದೂರುಗಳಲ್ಲಿ ಸತ್ಯಾಂಶವಿದೆ. ಆದರೂ ಗಣಿತವನ್ನು ಕಲಿಸುವ ಶಿಕ್ಷಕನಾಗಿ ನನ್ನನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ ಮತ್ತೊಂದು: ಅನ್ಯರು ಕಟ್ಟಿದ ಆಟವನ್ನು ಇಷ್ಟು ತನ್ಮಯತೆಯಿಂದ ಆಡುವ ಮಗು, ತನ್ನದೇ ಆದ ಆಟವೊಂದನ್ನು ಕಟ್ಟಲಾರದೆ? ಕಟ್ಟಿ ನಾಲ್ಕು ಜನರ ಮುಂದೆ ಇಡಲಾರದೆ? ಅದಕ್ಕೆ ಬೇಕಾದ ಉಪಕರಣಗಳು ಇಂದು ಲಭ್ಯವಿವೆ. ಅವುಗಳ ಸ್ವರೂಪ, ಉಪಯೋಗ ಮತ್ತು ಅಪಾಯಗಳನ್ನು ನಮ್ಮ ಶಾಲೆಯ ಶಿಕ್ಷಕಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಕಲ್ಲಿನ ಮೇಲಿನ ಮಣೆ

ಈ ವಿಚಾರಕ್ಕೆ ದೂರದ ದೇಶಗಳಿಂದ ಪೀಠಿಕೆ ಹಾಕಬೇಕಾಗಿಲ್ಲ. ಬುಕ್ಕಸಾಗರದಿಂದ ಕಮಲಾಪುರದ ದಾರಿ ಹಿಡಿದರೆ ಕೆಲವೇ ಮೈಲುಗಳಲ್ಲಿ ಹಂಪಿ. ಅಲ್ಲಿಯ ಮಂಟಪಗಳ ನೆಲಹಾಸನ್ನೂ ಬಯಲಿನ ಬಂಡೆಗಳನ್ನೂ ಗಮನವಿಟ್ಟು ನೋಡಿದವರಿಗೆ ಗೆರೆಗಳೂ ಕುಳಿಗಳೂ ಕಾಣುತ್ತವೆ. ಆಡು-ಹುಲಿಯ ತ್ರಿಕೋಣ, ನವಕಂಕರಿಯ ಒಂದರೊಳಗೊಂದು ಚೌಕ, ಅಳಗುಳಿ ಮಣೆಯ ಸಾಲುಗುಳಿಗಳು ಅಲ್ಲಿವೆ. ಸಂಶೋಧಕಿ ಆರ್. ವಸಂತಾ ಅವರು ಈ ಮಣೆಗಳ ಸಮೀಕ್ಷೆಯನ್ನು 2003ರಲ್ಲಿ ಪ್ರಕಟಿಸಿದ್ದಾರೆ. ಇವೆಲ್ಲವನ್ನೂ ಯಾರು, ಯಾವ ವರ್ಷ ಕೊರೆದರೆಂದು ಹೇಳುವ ಶಾಸನವಿಲ್ಲ. ಕಾವಲುಗಾರರೋ, ಸಂತೆಗೆ ಬಂದ ವರ್ತಕರೋ, ದನಗಾಹಿ ಹುಡುಗರೋ ಇರಬಹುದು. ಇಷ್ಟು ಮಾತ್ರ ಸ್ಪಷ್ಟ: ಆಡಬಯಸಿದವರು ತಾವು ಕುಳಿತ ಕಲ್ಲನ್ನೇ ಮಣೆಯಾಗಿಸಿಕೊಂಡರು. ಮಣೆಗಾಗಿ ಅವರು ಅಂಗಡಿಗೆ ಹೋಗಲಿಲ್ಲ. ಒಂದು ಉಳಿ, ಹಿಡಿ ಬೆಣಚುಕಲ್ಲು, ನಾಲ್ಕು ಹುಣಿಸೆಬೀಜ ಸಾಕಾಗಿದ್ದವು.

ಇಂದು ಆ ಸ್ಮಾರಕಗಳ ಕಲ್ಲಿನ ಮೇಲೆ ಒಂದು ಗೆರೆ ಕೊರೆದರೂ ಅದು ಅಪರಾಧ. ಅದು ಹಾಗೆಯೇ ಇರಬೇಕು. ಆದರೆ ಕೊರೆದ ಆ ಮನೋಭಾವವನ್ನು ನಮ್ಮ ಮಕ್ಕಳು ಕಳೆದುಕೊಳ್ಳಬೇಕಾಗಿಲ್ಲ.

ಆಟವನ್ನು ಹೊಸದಾಗಿ ರಚಿಸುವ ಪರಂಪರೆಯೂ ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಡಳಿತಾಧಿಕಾರವನ್ನು 1831ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಡಬೇಕಾಗಿ ಬಂದ ಮೇಲೆಯೂ ವಿದ್ಯೆ ಕಲೆಗಳ ಪೋಷಣೆಯನ್ನು ಬಿಡಲಿಲ್ಲ. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ಬೃಹತ್ ಸಚಿತ್ರ ಗ್ರಂಥದ ‘ಕೌತುಕನಿಧಿ’ ಎಂಬ ಭಾಗವು ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು ಒಂದೊಂದು ಮನೆಗೂ ಒಂದೇ ಸಲ ನಡೆಸಿ ಹಾಸನ್ನೆಲ್ಲ ಸುತ್ತಿಸುವ ಲೆಕ್ಕಗಳನ್ನೂ, ಗಂಜೀಫಾ ಎಲೆಗಳ ಹಲವು ಹೊಸ ಬಗೆಗಳನ್ನೂ ಅವರು ರೂಪಿಸಿದರು. ಅರಮನೆಯಲ್ಲಿ ಅರಸರು, ಬಯಲಿನಲ್ಲಿ ಹೆಸರಿಲ್ಲದ ಜನರು, ಇಬ್ಬರೂ ಆಟ ಕಟ್ಟಿದವರೇ. ಇಬ್ಬರಿಗೂ ಬೇಕಾದುದು ಎರಡೇ: ನಿಯಮವನ್ನು ಯೋಚಿಸುವ ಬುದ್ಧಿ, ಅದನ್ನು ಮೂರ್ತಗೊಳಿಸುವ ಉಪಕರಣ.

ಉಪಕರಣಗಳ ಚರಿತ್ರೆ

ಗಣಕಯಂತ್ರದ ಯುಗದಲ್ಲಿ ಈ ಉಪಕರಣ ಜನಸಾಮಾನ್ಯರ ಕೈಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ನೋಡೋಣ. 1964ರಲ್ಲಿ ಅಮೆರಿಕೆಯ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಎಂಬ ಇಬ್ಬರು ಪ್ರಾಧ್ಯಾಪಕರು ವಿಜ್ಞಾನೇತರ ವಿದ್ಯಾರ್ಥಿಗಳಿಗೂ ತಿಳಿಯುವಂತಹ ‘ಬೇಸಿಕ್’ ಭಾಷೆಯನ್ನು ರಚಿಸಿದರು. 1967ರಲ್ಲಿ ಸೀಮೋರ್ ಪ್ಯಾಪರ್ಟ್, ವಾಲಿ ಫರ್ಜೀಗ್, ಸಿಂಥಿಯಾ ಸೊಲೊಮನ್ ಮೊದಲಾದವರು ಮಕ್ಕಳಿಗಾಗಿಯೇ ‘ಲೋಗೋ’ ಭಾಷೆಯನ್ನು ತಂದರು. ಯಂತ್ರವು ಮಗುವಿಗೆ ಆಜ್ಞೆ ಕೊಡುವ ಬದಲು ಮಗುವೇ ಯಂತ್ರಕ್ಕೆ ಆಜ್ಞೆ ಕೊಡಬೇಕೆಂಬುದು ಪ್ಯಾಪರ್ಟ್ ಅವರ ನಿಲುವು. ‘ಮುಂದೆ ಐವತ್ತು ಹೆಜ್ಜೆ, ಬಲಕ್ಕೆ ತೊಂಬತ್ತು ಅಂಶ’ ಎಂಬಂತಹ ಆಜ್ಞೆಗಳಿಂದ ಆಮೆಯೊಂದನ್ನು ನಡೆಸಿ ರೇಖಾಗಣಿತ ಕಲಿಯುವ ವಿಧಾನ ಅಲ್ಲಿಂದ ಬಂದಿತು. ನಮ್ಮ ದೇಶದಲ್ಲಿ 1984ರಲ್ಲಿ ಆರಂಭವಾದ ‘ಕ್ಲಾಸ್’ ಎಂಬ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಗಣಕಯಂತ್ರಗಳು ಬಂದವು. ಆ ಯಂತ್ರವನ್ನು ಚಾಲೂ ಮಾಡಿದೊಡನೆ ಎದುರಾಗುತ್ತಿದ್ದುದು ಬೇಸಿಕ್ ಭಾಷೆಯೇ. ಅಂದರೆ, ಅಂದಿನ ಯಂತ್ರದ ಹೆಬ್ಬಾಗಿಲೇ ಕಟ್ಟುವವರ ಬಾಗಿಲಾಗಿತ್ತು. ಇಂದಿನ ಮೊಬೈಲ್ ಫೋನಿನ ಹೆಬ್ಬಾಗಿಲು ಕೊಳ್ಳುವವರಿಗೂ ನೋಡುವವರಿಗೂ ತೆರೆದಿದೆ. ಕಟ್ಟುವವರು ಹಿಂಬಾಗಿಲನ್ನು ಹುಡುಕಬೇಕು.

1980ರ ದಶಕದ ಆರಂಭದಲ್ಲಿ ಬಿಲ್ ಬಡ್ಜ್ ಎಂಬಾತನ ‘ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್’ ಮಾರುಕಟ್ಟೆಗೆ ಬಂದಿತು. ಆಟದ ಬಿಡಿಭಾಗಗಳನ್ನು ಪರದೆಯ ಮೇಲೆ ಎಳೆದು ಜೋಡಿಸಿ, ತನ್ನದೇ ಆಟವನ್ನು ಫ್ಲಾಪಿಯಲ್ಲಿ ಉಳಿಸಿ ಗೆಳೆಯನಿಗೆ ಕೊಡಬಹುದಾಗಿತ್ತು. ಕಟ್ಟುವುದು ಮತ್ತು ಪ್ರಕಟಿಸುವುದು ಎರಡೂ ಸಾಮಾನ್ಯ ಆಟಗಾರನ ಕೈಗೆ ಒಟ್ಟಿಗೆ ಬಂದ ಆದ್ಯ ಉದಾಹರಣೆಗಳಲ್ಲಿ ಇದೊಂದು. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಪ್ರಾಧ್ಯಾಪಕ ಮಾರ್ಕ್ ಓವರ್‌ಮಾರ್ಸ್ ‘ಗೇಮ್ ಮೇಕರ್’ ಅನ್ನು ಹೊರತಂದರು. 2006ರಲ್ಲಿ ‘ರೋಬ್ಲಾಕ್ಸ್’, 2007ರಲ್ಲಿ ಅಮೆರಿಕೆಯ ಎಂಐಟಿಯಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಅವರ ತಂಡದ ‘ಸ್ಕ್ರ್ಯಾಚ್’, 2008ರಲ್ಲಿ ‘ಲಿಟ್ಲ್ ಬಿಗ್ ಪ್ಲ್ಯಾನೆಟ್’, 2009ರಲ್ಲಿ ಕವಲುಕಥೆಗಳನ್ನು ಹೆಣೆಯುವ ‘ಟ್ವೈನ್’, 2014ರಲ್ಲಿ ಅರ್ಜೆಂಟೀನಾದ ಇಬ್ಬರು ಎಲ್ಲರಿಗೂ ಮುಕ್ತಗೊಳಿಸಿದ ‘ಗೊಡೊ’, ಹೀಗೆ ಸಾಲು ಬೆಳೆಯಿತು. ಆಸ್ಟ್ರಿಯಾದ ಗ್ರಾಜ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಪಾಕೆಟ್ ಕೋಡ್’ ಎಂಬ ಉಚಿತ ಉಪಕರಣವಂತೂ ಮೊಬೈಲ್ ಫೋನಿನಲ್ಲಿಯೇ ಆಟ ಕಟ್ಟಲು ಅನುವು ಮಾಡಿಕೊಡುತ್ತದೆ.

ಇವುಗಳಲ್ಲಿ ಶಾಲೆಗೆ ಅತ್ಯಂತ ಸಮೀಪವಾದುದು ಸ್ಕ್ರ್ಯಾಚ್. ಇದರಲ್ಲಿ ಆಜ್ಞೆಗಳು ಬಣ್ಣದ ತುಂಡುಗಳಾಗಿವೆ. ಹೊಂದುವ ತುಂಡುಗಳು ಮಾತ್ರ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆದ್ದರಿಂದ ಅಕ್ಷರ ತಪ್ಪಿ ಕೆಲಸ ಕೆಡುವ ಭಯವಿಲ್ಲ. ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ, ಹಣ ಕೊಡಬೇಕಾಗಿಲ್ಲ. ಮಗು ತಾನೇ ರಚಿಸಿಕೊಂಡ ತುಂಡುಗಳಿಗೆ ‘ಕವಡೆ ಹಾಕು’, ‘ಕಾಯಿ ನಡೆಸು’ ಎಂದು ಕನ್ನಡದಲ್ಲಿಯೇ ಹೆಸರಿಡಬಹುದು.

ಒಂದು ಪಾಠ: ಯಂತ್ರದ ಕವಡೆ

ತತ್ತ್ವವನ್ನು ಎಷ್ಟು ಹೇಳಿದರೂ ಉದಾಹರಣೆಯಿಲ್ಲದೆ ಅದು ಮನಸ್ಸಿಗೆ ಇಳಿಯದು. ಆದ್ದರಿಂದ ನನ್ನ ತರಗತಿಯಲ್ಲಿ ನಡೆದ ಪಾಠವೊಂದನ್ನು ಇಲ್ಲಿ ವಿವರಿಸುತ್ತೇನೆ. ಎಂಟನೆಯ ತರಗತಿಯ ಇಬ್ಬರು ಬಾಲಕಿಯರು ಚೌಕಾಬಾರವನ್ನು ಸ್ಕ್ರ್ಯಾಚಿನಲ್ಲಿ ಕಟ್ಟಲು ತೊಡಗಿದರು. ಈ ಆಟವನ್ನು ಅರಿಯದವರು ನಮ್ಮ ಸೀಮೆಯಲ್ಲಿ ವಿರಳ. ಐದು ಸಾಲು, ಐದು ಕಂಬ, ಒಟ್ಟು ಇಪ್ಪತ್ತೈದು ಮನೆಗಳು. ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿಗಳು, ಹಾಕಲು ನಾಲ್ಕು ಕವಡೆಗಳು. ಬಾಯಿ ಮೇಲಾಗಿ ಬಿದ್ದ ಕವಡೆಗಳೆಷ್ಟೋ ಅಷ್ಟು ಮನೆ ನಡೆ; ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು.

ಮೊದಲನೆಯ ಸಮಸ್ಯೆ ಕಾಯಿಗಳ ದಾರಿ. ನಾಲ್ವರು ನಾಲ್ಕು ಬದಿಗಳಿಂದ ಹೊರಡುವುದರಿಂದ ನಾಲ್ಕು ಬೇರೆ ಬೇರೆ ದಾರಿಗಳನ್ನು ಬರೆಯಬೇಕೆಂದು ಬಾಲಕಿಯರು ಭಾವಿಸಿದ್ದರು. ಹೊರಸುತ್ತಿನ ಹದಿನಾರು ಮನೆಗಳಿಗೆ 0ಯಿಂದ 15ರವರೆಗೆ ಅಂಕೆ ಕೊಟ್ಟು ನೋಡಿರೆಂದು ನಾನು ಸೂಚಿಸಿದೆ. ಆಟಗಾರರ ಕಟ್ಟೆಗಳು 0, 4, 8, 12ರಲ್ಲಿ ಬಂದವು. ಹೊರಟ ಮನೆಯ ಅಂಕೆಗೆ ನಡೆದ ಹೆಜ್ಜೆಗಳನ್ನು ಕೂಡಿಸಿ, ಹದಿನಾರರಿಂದ ಭಾಗಿಸಿ, ಉಳಿದ ಶೇಷವನ್ನು ತೆಗೆದುಕೊಂಡರೆ ಕಾಯಿ ನಿಂತ ಮನೆ ದೊರೆಯುತ್ತದೆ. 12ರಿಂದ ಹೊರಟು ಏಳು ಹೆಜ್ಜೆ ನಡೆದರೆ ಹತ್ತೊಂಬತ್ತು, ಶೇಷ ಮೂರು. ನಾಲ್ಕು ದಾರಿಗಳು ಒಂದೇ ಸೂತ್ರದಲ್ಲಿ ಅಡಗಿದವು. ಭಾಗಾಕಾರದಲ್ಲಿ ಉಳಿಯುವ ಶೇಷದಿಂದ ಏನು ಪ್ರಯೋಜನವೆಂದು ಐದನೆಯ ತರಗತಿಯಿಂದ ಕೇಳುತ್ತಿದ್ದ ಮಕ್ಕಳಿಗೆ ಅಂದು ಉತ್ತರ ಸಿಕ್ಕಿತು.

ಎರಡನೆಯ ಸಮಸ್ಯೆ ಕವಡೆಯದು. ಯಂತ್ರಕ್ಕೆ ಕವಡೆ ಗೊತ್ತಿಲ್ಲ. ಅದು ಬಲ್ಲುದು ಯಾದೃಚ್ಛಿಕವಾಗಿ ಒಂದು ಅಂಕೆಯನ್ನು ಆರಿಸುವುದನ್ನು ಮಾತ್ರ. ಬಾಲಕಿಯರು 1, 2, 3, 4, 8 ಎಂಬ ಐದು ಅಂಕೆಗಳ ಪಟ್ಟಿ ಮಾಡಿ, ಅದರಿಂದ ಒಂದನ್ನು ಆರಿಸುವಂತೆ ಆಜ್ಞೆಯಿತ್ತರು. ಆಟ ನಡೆಯಿತು, ಎಲ್ಲರಿಗೂ ಸಂತೋಷವಾಯಿತು. ದಸರಾ ರಜೆಯಲ್ಲಿ ಅವರಲ್ಲೊಬ್ಬಳು ಅದನ್ನು ತನ್ನ ಅಜ್ಜಿಗೆ ತೋರಿಸಿದಳು. ಅರ್ಧ ಗಂಟೆ ಆಡಿದ ಆ ಹಿರಿಯರು, “ಏನವ್ವಾ, ನಿನ್ನ ಡಬ್ಬಿಯೊಳಗಿನ ಕವಡಿ ಬಾಳ ಸುಳ್ಳು ಹೇಳತೈತಿ. ಬಾರ ಇಷ್ಟು ಸಲ ಬೀಳತೈತೇನು?” ಎಂದರಂತೆ. ಬಾಲಕಿ ಕುಗ್ಗಿದ ಮುಖದಿಂದ ಬಂದು ನನಗೆ ಇದನ್ನು ಹೇಳಿದಳು.

ಅಜ್ಜಿಯ ಮಾತು ಅಕ್ಷರಶಃ ಸರಿಯಾಗಿತ್ತು. ಒಂದು ಕವಡೆ ಮೇಲಾಗಿ ಇಲ್ಲವೇ ಬೋರಲಾಗಿ, ಎರಡು ರೀತಿಯಲ್ಲಿ ಬೀಳಬಹುದು. ನಾಲ್ಕು ಕವಡೆಗಳು ಕೂಡಿ ಬೀಳುವ ರೀತಿಗಳು ಎರಡನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ಹದಿನಾರು. ಎರಡೂ ಬದಿಗೆ ಸಮಾನ ಅವಕಾಶವೆಂದು ಭಾವಿಸಿದರೆ ಆ ಹದಿನಾರರಲ್ಲಿ ಒಂದು ಬೀಳುವ ರೀತಿಗಳು ನಾಲ್ಕು, ಎರಡು ಬೀಳುವುವು ಆರು, ಮೂರು ಬೀಳುವುವು ನಾಲ್ಕು, ಚೌಕ ಒಂದೇ ಒಂದು, ಬಾರವೂ ಒಂದೇ ಒಂದು. ಎಂಭತ್ತು ಸಲ ಹಾಕಿದರೆ ಬಾರ ಸರಾಸರಿ ಐದು ಸಲ ಬೀಳಬೇಕು. ಮಕ್ಕಳ ಯಂತ್ರದಲ್ಲಿ ಐದು ಅಂಕೆಗಳಿಗೂ ಸಮಪಾಲು ಇದ್ದುದರಿಂದ ಅದು ಹದಿನಾರು ಸಲ ಬೀಳುತ್ತಿತ್ತು. ನಡೆಯ ಸರಾಸರಿಯೂ ಎರಡೂವರೆಯಿಂದ ಮೂರೂವರೆಯ ಹತ್ತಿರಕ್ಕೆ, ನಿಖರವಾಗಿ 3.6ಕ್ಕೆ ಏರಿತ್ತು. ಕಟ್ಟೆಯಿಂದ ನಡುಮನೆಗೆ ಇಪ್ಪತ್ನಾಲ್ಕು ಹೆಜ್ಜೆ. ಅಡ್ಡಿಯಿಲ್ಲದೆ ನಡೆದ ಕಾಯಿಗೆ ಹತ್ತು ಹಾಕು ಬೇಕಾದ ಕಡೆ ಏಳರಲ್ಲಿಯೇ ಮನೆ ಸೇರುತ್ತಿತ್ತು. ಸಂಭವನೀಯತೆಯ ಸೂತ್ರವನ್ನು ಎಂದೂ ಓದದ ಹಿರಿಯರು ಅದನ್ನು ಒಂದು ಜೀವಮಾನದ ಆಟದಿಂದ ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು.

ತಿದ್ದುಪಡಿ ಸುಲಭವಾಗಿತ್ತು. ಒಂದೇ ಅಂಕೆಯನ್ನು ಆರಿಸುವ ಬದಲು, ನಾಲ್ಕು ಸಲ 0 ಅಥವಾ 1 ಅನ್ನು ಆರಿಸಿ ಕೂಡಿಸುವುದು. ಮೊತ್ತ ಸೊನ್ನೆಯಾದರೆ ಎಂಟು ಎಂದು ಎಣಿಸುವುದು. ಆದರೆ ಬಾಲಕಿಯರು ಅಲ್ಲಿಗೆ ನಿಲ್ಲಲಿಲ್ಲ. ನಿಜವಾದ ಕವಡೆಗೆ ಎರಡೂ ಬದಿ ಸಮಾನವೇ ಎಂಬ ಸಂದೇಹ ಅವರಿಗೆ ಬಂದಿತು. ಮನೆಯಿಂದ ಕವಡೆ ತಂದು, ನೂರು ಸಲ ಹಾಕಿ, ಗೆರೆ ಎಳೆದು ಎಣಿಸಿದರು. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಆದ್ದರಿಂದ ಸಮಾನವಾಗಿರಬೇಕೆಂಬ ನಿಯಮವಿಲ್ಲವೆಂದು ತಾವೇ ತರ್ಕಿಸಿದರು. ಪಠ್ಯಪುಸ್ತಕದ ಒಂದು ಅಧ್ಯಾಯವನ್ನು ಅವರು ಯಾರ ಒತ್ತಾಯವೂ ಇಲ್ಲದೆ ಹೀಗೆ ನಡೆದು ಮುಗಿಸಿದರು.

ಮೂರನೆಯ ಸಮಸ್ಯೆಯೇ ನನ್ನ ದೃಷ್ಟಿಯಲ್ಲಿ ಮುಖ್ಯವಾದುದು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಒಬ್ಬಳ ಮನೆಯ ನಿಯಮ. ಹಾಗೇನಿಲ್ಲವೆಂಬುದು ಇನ್ನೊಬ್ಬಳ ಮನೆಯದು. ಅಂಗಳದಲ್ಲಿ ಆಡುವಾಗ ಇಂತಹ ವಾದ ಜೋರುದನಿಯಿಂದ ತೀರ್ಮಾನವಾಗುತ್ತದೆ. ಯಂತ್ರದ ಮುಂದೆ ಜೋರುದನಿ ನಡೆಯದು. ನಿಯಮವನ್ನು ಸಂದೇಹವಿಲ್ಲದಂತೆ ಹೇಳಿದ ಹೊರತು ಅದು ಮುಂದಕ್ಕೆ ಹೋಗುವುದಿಲ್ಲ. ಎರಡು ದಿನ ಚರ್ಚಿಸಿ, ಆಟದ ಆರಂಭದಲ್ಲಿ ಎರಡರಲ್ಲೊಂದು ನಿಯಮವನ್ನು ಆಟಗಾರರೇ ಆರಿಸಿಕೊಳ್ಳುವ ಏರ್ಪಾಡು ಮಾಡಿದರು. ನಿಯಮವೆಂಬುದು ಆಕಾಶದಿಂದ ಇಳಿದುದಲ್ಲ, ಜನ ಕೂಡಿ ಮಾಡಿಕೊಂಡುದು, ಕೂಡಿ ಬದಲಿಸಬಹುದಾದುದು ಎಂಬ ಪೌರನೀತಿಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ನಾನು ಕಲಿಸಲಾರೆ.

ಪ್ರಕಟಣೆ ಮತ್ತು ಒಡೆತನ

ಕಟ್ಟಿದ ಆಟವನ್ನು ಇತರರು ಆಡಿದಾಗಲೇ ಅದಕ್ಕೆ ಸಾರ್ಥಕತೆ. ಅಜ್ಜಿ ಆಡದಿದ್ದರೆ ಕವಡೆಯ ದೋಷ ಹೊರಬೀಳುತ್ತಿರಲಿಲ್ಲ. ಆದರೆ ಪ್ರಕಟಿಸುವ ಸ್ಥಳ ಯಾರದೆಂಬ ಪ್ರಶ್ನೆ ಇಲ್ಲಿ ಉದ್ಭವಿಸುತ್ತದೆ. ಉಪಕರಣಗಳನ್ನು ಆರಿಸುವ ಶಿಕ್ಷಕರೂ ಪಾಲಕರೂ ಇದನ್ನು ಚೆನ್ನಾಗಿ ಅರಿತಿರಬೇಕು.

ಮೇಲೆ ಹೇಳಿದ ‘ಲಿಟ್ಲ್ ಬಿಗ್ ಪ್ಲ್ಯಾನೆಟ್’ ಎಂಬ ಆಟದಲ್ಲಿ ಆಟಗಾರರು ತಮ್ಮದೇ ಆದ ಅಂಕಣಗಳನ್ನು ಕಟ್ಟಿ ಜಗತ್ತಿಗೆಲ್ಲ ಹಂಚಬಹುದಾಗಿತ್ತು. ವರ್ಷಗಳು ಕಳೆದಂತೆ ಅಂತಹ ಲಕ್ಷೋಪಲಕ್ಷ ರಚನೆಗಳು ಅಲ್ಲಿ ಕೂಡಿದವು. ಆದರೆ ಅವು ಇದ್ದುದು ಕಂಪೆನಿಯ ಯಂತ್ರಗಳಲ್ಲಿ. 2021ರಲ್ಲಿ ಹಳೆಯ ಆವೃತ್ತಿಗಳ ಸೇವೆ ನಿಂತಿತು. 2024ರಲ್ಲಿ ಮೂರನೆಯ ಆವೃತ್ತಿಯದೂ ಶಾಶ್ವತವಾಗಿ ನಿಂತಿತು. ಬಾಲ್ಯದಲ್ಲಿ ತಾವು ಕಟ್ಟಿದ್ದನ್ನು ಇತರರು ಆಡುವುದನ್ನು ನೋಡಿ ಹಿಗ್ಗಿದವರು, ದೊಡ್ಡವರಾದ ಮೇಲೆ ಆ ಬಾಗಿಲು ಮುಚ್ಚಿರುವುದನ್ನು ಕಂಡರು. ಹಂಪಿಯ ಬಂಡೆಯ ಮೇಲೆ ಅನಾಮಧೇಯನೊಬ್ಬ ಕೊರೆದ ಆಡು-ಹುಲಿಯ ಮಣೆ ಇಂದಿಗೂ ಆಡಲು ಯೋಗ್ಯವಾಗಿದೆ. ಅಂತರ್ಜಾಲದ ಮೇಲೆ ಹದಿನಾರು ವರ್ಷ ಬಾಳಿದ ಮಣೆಗಳು ಒಂದು ಪ್ರಕಟಣೆಯಿಂದ ಕೈತಪ್ಪಿದವು.

ಕಂಪೆನಿಗಳನ್ನು ದೂರುವ ಮೊದಲು ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ಮೊದಲ ವರ್ಷ ಮಕ್ಕಳು ಕಟ್ಟಿದ ಆಟಗಳನ್ನೆಲ್ಲ ನಾನು ಒಂದೇ ಗಣಕಯಂತ್ರದಲ್ಲಿ ಇಟ್ಟಿದ್ದೆ. ಯಂತ್ರ ಕೆಟ್ಟು ದುರಸ್ತಿಗೆ ಹೋಗಿ ಮರಳಿದಾಗ ಅದರಲ್ಲಿ ಏನೂ ಇರಲಿಲ್ಲ. ಒಬ್ಬ ಹುಡುಗ ತನ್ನ ಆಟ ಎಲ್ಲಿ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಪ್ರತಿಯೊಂದು ಆಟದ ಮೂರು ಪ್ರತಿಗಳು ಮೂರು ಕಡೆ ಇರಬೇಕೆಂಬ ನಿಯಮ ಮಾಡಿಕೊಂಡಿದ್ದೇವೆ. ಅವುಗಳಲ್ಲೊಂದು ಮಗುವಿನ ಮನೆಗೆ ಹೋಗುತ್ತದೆ.

ರೋಬ್ಲಾಕ್ಸಿನ ವಿಚಾರ ಇನ್ನೂ ಜಟಿಲ. ಅದರ ‘ಸ್ಟುಡಿಯೋ’ ಎಂಬ ಉಪಕರಣ ಸಮರ್ಥವಾದುದು. ‘ಲೂವಾ’ ಎಂಬ ನಿಜವಾದ ಗಣಕಭಾಷೆಯಿಂದ ಬಂದ ರೂಪವನ್ನು ಅಲ್ಲಿ ಕಲಿಯಬಹುದು. ಆದರೆ ಅಲ್ಲಿ ಕಟ್ಟಿದ ಆಟ ಅಲ್ಲಿಯೇ ನಡೆಯಬೇಕು. ಆಟದಿಂದ ಬರುವುದು ‘ರೋಬಕ್ಸ್’ ಎಂಬ ಕಂಪೆನಿಯದೇ ನಾಣ್ಯ. ಅದನ್ನು ಹಣವಾಗಿ ಪಡೆಯಲು ವಯಸ್ಸು, ಕನಿಷ್ಠ ಗಳಿಕೆ ಮೊದಲಾದ ಷರತ್ತುಗಳಿವೆ. ದರವನ್ನು ನಿಗದಿ ಮಾಡುವುದೂ ಕಂಪೆನಿಯೇ. ಸುಗ್ಗಿಯಲ್ಲಿ ಪಾಲಿಗೆ ಹೊಲ ಮಾಡುವವರ ಕಷ್ಟಸುಖ ಬಲ್ಲ ನಮ್ಮ ಊರಿನವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಅಪರಿಚಿತರೊಡನೆ ಮಕ್ಕಳ ಮಾತುಕತೆಗೆ ಅಲ್ಲಿ ಅವಕಾಶವಿರುವುದು ಅನೇಕ ದೇಶಗಳಲ್ಲಿ ಆತಂಕಕ್ಕೆ ಕಾರಣವಾಗಿದೆ. 2024ರಲ್ಲಿ ತುರ್ಕಿ ದೇಶ ಅದನ್ನು ನಿರ್ಬಂಧಿಸಿತು. ವೃತ್ತಿಪರರು ಬಳಸುವ ‘ಯೂನಿಟಿ’ ಎಂಬ ಉಪಕರಣದ ಕಂಪೆನಿಯು 2023ರಲ್ಲಿ ಆಟಗಳ ಪ್ರತಿ ಸ್ಥಾಪನೆಗೆ ಶುಲ್ಕ ವಿಧಿಸುವುದಾಗಿ ಸಾರಿ, ತೀವ್ರ ವಿರೋಧ ಬಂದ ಮೇಲೆ ಮರುವರ್ಷ ಅದನ್ನು ಕೈಬಿಟ್ಟಿತು. ಉಳಿ ಅನ್ಯರದಾಗಿದ್ದರೆ ಬಾಡಿಗೆಯೂ ಅನ್ಯರ ಇಚ್ಛೆಯಂತೆ ಏರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಸ್ಕ್ರ್ಯಾಚಿನ ರೀತಿ ಬೇರೆ. ಆಟವು ಒಂದು ಕಡತವಾಗಿ ನಮ್ಮ ಕೈಯಲ್ಲಿಯೇ ಉಳಿಯುತ್ತದೆ. ಅದರ ತಾಣದಲ್ಲಿ ಹಂಚಿಕೊಂಡ ಯಾವುದೇ ಆಟದ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಮೂಲದವರ ಹೆಸರನ್ನು ಉಳಿಸಿ ತಿದ್ದಿ ಬೆಳೆಸಬಹುದು. ಗೊಡೊ ಕೂಡ ಯಾರಿಗೂ ಕಪ್ಪ ಕೊಡದೆ ಬಳಸಬಹುದಾದ ಉಪಕರಣ. ಆದರೆ ಇಲ್ಲಿಯೂ ಎಚ್ಚರ ಬೇಕು. ಮಗುವಿನ ನಿಜವಾದ ಹೆಸರು, ಊರು, ಶಾಲೆ, ಭಾವಚಿತ್ರ ಯಾವುದೂ ಹೊರಗೆ ಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷದೊಳಗಿನವರ ವಿಚಾರದಲ್ಲಿ ಪಾಲಕರ ಸಮ್ಮತಿಯನ್ನು ಕಡ್ಡಾಯವಾಗಿ ಕೇಳುತ್ತದೆ. ಊರೊಳಗಿನ ಪ್ರಕಟಣೆಗೆ ಅಂತರ್ಜಾಲವೂ ಬೇಕಾಗಿಲ್ಲ: ಶಾಲೆಯ ವಾರ್ಷಿಕೋತ್ಸವದ ದಿನ ನಾಲ್ಕು ಯಂತ್ರಗಳನ್ನು ಸಾಲಾಗಿ ಇಟ್ಟು ಊರಿನವರನ್ನು ಆಡಲು ಕರೆದರೆ ಅದೇ ಉತ್ತಮ ಪ್ರಕಟಣೆ.

ಆಟವೆಂದರೆ ಜೂಜು ಎಂಬ ಭಯ ಕೆಲವು ಪಾಲಕರಲ್ಲಿದೆ. ಅದು ನಿರಾಧಾರವಲ್ಲ, ಮೊಬೈಲಿನಲ್ಲಿ ಹಣ ಕಟ್ಟಿ ಆಡಿ ಮನೆ ಕಳೆದುಕೊಂಡವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣದ ಆಟಗಳನ್ನು ನಿಷೇಧಿಸಿ, ಕ್ರೀಡಾರೂಪದ ಮತ್ತು ಶಿಕ್ಷಣರೂಪದ ಆಟಗಳನ್ನು ಅದರಿಂದ ಬೇರ್ಪಡಿಸಿದೆ. ಕವಡೆಯ ಲೆಕ್ಕವನ್ನು ಒಳಗಿನಿಂದ ಬಲ್ಲ ಮಗು ಜೂಜಿನ ಆಮಿಷಕ್ಕೆ ಸುಲಭವಾಗಿ ಬೀಳದು ಎಂಬುದು ನನ್ನ ನಂಬಿಕೆ. ಅಂಕೆಗಳನ್ನು ಹೇಗೆ ಬೇಕಾದರೂ ಬೀಳಿಸಬಹುದೆಂದು ಅದು ಸ್ವತಃ ಮಾಡಿ ನೋಡಿದೆ.

ನಾವು ಮಾಡಬಹುದಾದುದು

ನೆರೆಯ ಕೇರಳದ ಉದಾಹರಣೆ ಇಲ್ಲಿ ಗಮನಾರ್ಹ. ಅಲ್ಲಿಯ ಸರ್ಕಾರ 2018ರಲ್ಲಿ ಪ್ರೌಢಶಾಲೆಗಳಲ್ಲಿ ‘ಲಿಟ್ಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳನ್ನು ಆರಂಭಿಸಿತು. ಅವುಗಳ ಶಿಬಿರಗಳಲ್ಲಿ ಮಕ್ಕಳು ಸ್ಕ್ರ್ಯಾಚಿನಿಂದ ಆಟ ಕಟ್ಟುವುದನ್ನು ಕಲಿಯುತ್ತಾರೆ. ಶಾಲೆಯ ಯಂತ್ರಗಳೆಲ್ಲ ಮುಕ್ತ ತಂತ್ರಾಂಶದಿಂದ ನಡೆಯುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕ ವಿಷಯದ ಪಠ್ಯಪುಸ್ತಕ ಕನ್ನಡದಲ್ಲಿಯೇ ದೊರೆಯುತ್ತದೆ. ಗಡಿಯಾಚೆಯ ಕನ್ನಡದ ಮಗುವಿಗೆ ಸಾಧ್ಯವಾದುದು ತುಂಗಭದ್ರೆಯ ದಡದ ಮಗುವಿಗೆ ಅಸಾಧ್ಯವಾಗಬೇಕೆ?

ನಮ್ಮ ರಾಜ್ಯವೂ ಈ ಕ್ಷೇತ್ರದಲ್ಲಿ ಹಿಂದುಳಿದಿಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ದೇಶದ ಆದ್ಯ ವಿಡಿಯೋ ಗೇಮ್ ಸಂಸ್ಥೆಗಳಲ್ಲೊಂದು. 2019ರಲ್ಲಿ ಅದು ವಿದೇಶೀ ಸಂಸ್ಥೆಯೊಂದರ ಕೈಸೇರಿತು. 2012ರಲ್ಲಿ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ಪ್ರತ್ಯೇಕ ನೀತಿಯನ್ನು ರೂಪಿಸಿದ ಮೊದಲ ರಾಜ್ಯ ಕರ್ನಾಟಕ. ಆದರೆ ಅಂತಹ ಸಂಸ್ಥೆಗಳಲ್ಲಿ ನಮ್ಮವರ ಕೈಗೆ ಬಹುಪಾಲು ಬರುವುದು ಅನ್ಯರ ಆಟಕ್ಕೆ ಚಿತ್ರ ಬರೆಯುವ, ಬಿಡಿಭಾಗ ಮಾಡಿಕೊಡುವ ಕೆಲಸ. ಕಂಬ ಕೆತ್ತುವ ಶಿಲ್ಪಿಗಳು ನಮ್ಮಲ್ಲಿ ಹೇರಳ. ಇಡೀ ಮಂಟಪವನ್ನು ಯೋಚಿಸುವವರು ಬೇಕಾಗಿದ್ದಾರೆ. ಆ ಯೋಚನೆ ಹತ್ತು ಹನ್ನೆರಡರ ವಯಸ್ಸಿನಲ್ಲಿ ಮೊಳೆಯಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರನೆಯ ತರಗತಿಯಿಂದ ಗಣಕ ಆಜ್ಞಾರಚನೆಯನ್ನು ಕಲಿಸಬೇಕೆನ್ನುತ್ತದೆ.

ಶಿಕ್ಷಕಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಇದನ್ನು ಗಣಿತ ಶಿಕ್ಷಕನೊಬ್ಬನ ಹವ್ಯಾಸವೆಂದು ಬಿಡಬೇಡಿ. ಕನ್ನಡ ಶಿಕ್ಷಕರು ಟ್ವೈನ್ ಉಪಕರಣದಿಂದ ಕವಲುಕಥೆ ಬರೆಯಿಸಬಹುದು. ಓದುಗನ ಆಯ್ಕೆಯಂತೆ ಬೇರೆ ಬೇರೆ ಕೊನೆಗಳಿಗೆ ಹೋಗುವ ಕಥೆ ಅದು. ಸಮಾಜ ವಿಜ್ಞಾನದವರು ಹಂಪಿಯ ಮಣೆಗಳ ಅಳತೆ, ಚಿತ್ರ, ಸ್ಥಳಗಳನ್ನು ಮಕ್ಕಳಿಂದ ದಾಖಲು ಮಾಡಿಸಬಹುದು. ಊರಿನ ಹಿರಿಯರ ಬಾಯಿಂದ ಆಡು-ಹುಲಿಯ ನಿಯಮಗಳನ್ನು, ಅಂದರೆ ಮೂರು ಹುಲಿ ಹದಿನೈದು ಆಡುಗಳು ಇಪ್ಪತ್ಮೂರು ಸಂಧಿಗಳಲ್ಲಿ ನಡೆಯುವ ಬಗೆಯನ್ನು, ಮಕ್ಕಳು ಕೇಳಿ ಬರೆದು ತರಲಿ. ಅದನ್ನು ಯಂತ್ರಕ್ಕೆ ಇಳಿಸುವುದು ಆಮೇಲಿನ ಕೆಲಸ.

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಕೇಳುವುದು ದೊಡ್ಡದೇನೂ ಅಲ್ಲ. ಈ ಕೆಲಸಕ್ಕೆ ಹೊಸ, ಬೆಲೆಬಾಳುವ ಯಂತ್ರಗಳು ಬೇಕಾಗಿಲ್ಲ. ಕಛೇರಿಗಳಲ್ಲಿ ಬದಿಗೆ ಸರಿಸಿದ, ಆದರೆ ನಡೆಯುವ ಗಣಕಯಂತ್ರಗಳು ಸಾಕು. ತಂತ್ರಾಂಶಕ್ಕೆ ಹಣವೇ ಬೇಡ. ಬೇಕಾದುದು ವಿದ್ಯುತ್ತು ಹೋದಾಗ ಆಸರೆಯಾಗುವ ಒಂದು ಯುಪಿಎಸ್, ಮಕ್ಕಳ ರಚನೆಗಳನ್ನು ಕಾಪಿಡುವ ಒಂದೆರಡು ಹಾರ್ಡ್ ಡಿಸ್ಕ್, ಮತ್ತು ಇವೆಲ್ಲಕ್ಕಿಂತ ಮಿಗಿಲಾಗಿ ಬೆಂಗಳೂರಿನಲ್ಲಿಯೋ ಹೊರನಾಡಿನಲ್ಲಿಯೋ ಈ ವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ವರ್ಷಕ್ಕೆ ಎರಡು ದಿನ. ಊರಿಗೆ ಬಂದಾಗ ಶಾಲೆಗೂ ಬನ್ನಿ. ಮಕ್ಕಳು ಕಟ್ಟಿದ ಆಟವನ್ನು ಆಡಿ, ಅದರಲ್ಲಿ ಸೋತು, ಎಲ್ಲಿ ತಪ್ಪಿದೆಯೆಂದು ಅವರಿಗೆ ಹೇಳಿ.

ಆ ಇಬ್ಬರು ಬಾಲಕಿಯರು ತಿದ್ದಿದ ಚೌಕಾಬಾರವನ್ನು ಸಂಕ್ರಾಂತಿಯ ರಜೆಯಲ್ಲಿ ಮತ್ತೆ ಅಜ್ಜಿಯ ಮುಂದಿಟ್ಟರು. ಬಹಳ ಹೊತ್ತು ಬಾರ ಬೀಳಲಿಲ್ಲ. ಕೊನೆಗೊಮ್ಮೆ ಬಿದ್ದಾಗ ಅಜ್ಜಿ, “ಈಗ ನೋಡವ್ವಾ, ಕವಡಿ ಖರೆ ಹೇಳಾಕ ಹತ್ತೇತಿ” ಎಂದರಂತೆ. ಆ ಮಾತನ್ನು ನನಗೆ ತಿಳಿಸುವಾಗ ಬಾಲಕಿಯ ಮುಖದಲ್ಲಿದ್ದ ಕಳೆ, ಯಾವ ಅಂಕಪಟ್ಟಿಯನ್ನು ಕೈಗಿತ್ತಾಗಲೂ ನಾನು ಕಾಣದಿದ್ದುದು. ಅಂತಹ ಮುಖಗಳು ನಮ್ಮ ಶಾಲೆಯಲ್ಲಿ ಹೆಚ್ಚಲಿ ಎಂದು ಹಾರೈಸಿ ವಿರಮಿಸುತ್ತೇನೆ.